ಬಣ್ಣ ಒಂದೇ ಸಾಲದು: ಕಡಲ ಸ್ಲಗ್‌ಗಳನ್ನು ಗುರುತಿಸುವ ಬಗ್ಗೆ

(ಬಳ್ಳಾರಿಯಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಮೂರು ಫೋಟೋ ಇವೆ. ಮೊದಲನೆಯ ಪ್ರಾಣಿ ಪೂರಾ ಕಪ್ಪು. ಎರಡನೆಯದು ಕಿತ್ತಳೆ ಕೆಂಪು. ಮೂರನೆಯದು ಮತ್ತೆ ಪೂರಾ ಕಪ್ಪು. ಇವುಗಳಲ್ಲಿ ಯಾವ ಎರಡು ಒಂದೇ ಪ್ರಭೇದ ಅಂತ ಕೇಳಿದಾಗ ಸಭೆಯಲ್ಲಿ ಹೆಚ್ಚಿನವರು ಒಂದು ಮತ್ತು ಮೂರು ಎಂದಿರಿ. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಒಂದೇ ಪ್ರಭೇದದವು ಮೊದಲನೆಯದು ಮತ್ತು ಎರಡನೆಯದು. ಅವೆರಡೂ ಡೆಂಡ್ರೊಡೋರಿಸ್ ಫ್ಯುಮಾಟಾ. ಮೂರನೆಯದು ಡೆಂಡ್ರೊಡೋರಿಸ್ ನೈಗ್ರಾ. ಈ ಎರಡು ಪ್ರಭೇದಗಳನ್ನು ಒಂದಕ್ಕೊಂದು ಅದಲುಬದಲು ಮಾಡಿ ಬರೆದ ದಾಖಲೆಗಳು ಎಷ್ಟೋ ಕಾಲ ನಡೆದುಬಂದವು. 1997ರಲ್ಲಿ ಬ್ರೋಡಿ, ವಿಲನ್ ಮತ್ತು ಕಾಲಿನ್ಸ್ ಎಂಬ ಮೂವರು ಕೂತು ಎರಡನ್ನೂ ಬಿಡಿಸಿ ಬರೆದರು. ಅವರು ಏನನ್ನು ನೋಡಿ ಬಿಡಿಸಿದರು ಎನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಪ್ರಾಣಿ ಯಾವುದು ಅಂತ ನೋಡೋಣ.

ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು. ಮಳೆ ಬಿದ್ದ ಮೇಲೆ ಹಿತ್ತಲಿನ ಕಲ್ಲಿನಡಿ, ಹೂಕುಂಡದ ಕೆಳಗೆ ಕಾಣುವುದು ನೆಲದ ಸ್ಲಗ್. ಕಡಲಲ್ಲಿ ಅದರ ದೂರದ ನೆಂಟರು ಸಾವಿರಾರು ಇದ್ದಾರೆ. ಇವತ್ತು ನಾನು ಹೇಳುತ್ತಿರುವುದು ನ್ಯೂಡಿಬ್ರಾಂಕ್ ಎಂಬ ಗುಂಪಿನ ಬಗ್ಗೆ. ಅದೊಂದರಲ್ಲೇ 3000ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ಮರಿಗೆ ಪುಟ್ಟ ಚಿಪ್ಪು ಇರುತ್ತದೆ. ಮರಿ ರೂಪ ಬಿಟ್ಟು ಬೆಳೆಯುವಾಗ ಅದನ್ನು ಕಳಚಿಬಿಡುತ್ತವೆ. ಆಮೇಲೆ ಬರಿ ಮೈ. ಮೆತ್ತಗಿನ, ನಿಧಾನವಾಗಿ ಹರಿದಾಡುವ ಪ್ರಾಣಿ ಮೀನುಗಳ ನಡುವೆ ಬದುಕುವುದು ಹೇಗೆ? ವಿಷದಿಂದ. ಸ್ಪಂಜು ಅಂದರೆ ಬಂಡೆಗೆ ಅಂಟಿಕೊಂಡು ಬದುಕುವ ಸರಳ ಕಡಲ ಪ್ರಾಣಿ. ಅದನ್ನು ತಿನ್ನುವ ಸ್ಲಗ್‌ಗಳಲ್ಲಿ ಹಲವು, ಸ್ಪಂಜಿನಲ್ಲಿರುವ ವಿಷವನ್ನು ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಕ್ರೊಮೊಡೋರಿಸ್ ಎಂಬ ಕುಲದವು ಲ್ಯಾಟ್ರುಂಕ್ಯುಲಿನ್ ಎಂಬ ವಿಷವನ್ನು ಮೈಯಂಚಿನಲ್ಲೇ ಶೇಖರಿಸುತ್ತವೆ. ಮೀನು ಮೊದಲು ಬಾಯಿ ಹಾಕುವ ಜಾಗವೇ ಅದು. ಇನ್ನೊಂದು ಗುಂಪು ಹೈಡ್ರಾಯ್ಡ್, ಕಡಲ ಹೂಗಳಂಥ ಕುಟುಕುವ ಜೀವಿಗಳನ್ನು ತಿಂದು, ಅವುಗಳ ಕುಟುಕು ಕೋಶಗಳನ್ನು ಹಾಳಾಗದಂತೆ ಉಳಿಸಿ ತನ್ನ ಬೆನ್ನ ಮೇಲಿನ ಬೆರಳಿನಂಥ ಭಾಗಗಳ ತುದಿಯಲ್ಲಿ ಇಟ್ಟುಕೊಳ್ಳುತ್ತದೆ. ಶತ್ರುವಿನ ಆಯುಧವನ್ನೇ ಹೀಗೆ ಬಳಸುವ ಪ್ರಾಣಿಗಳು ಬಹಳ ಕಡಿಮೆ. ನನಗೆ ಈ ಜೀವಿಗಳ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ಓದಿದ ಮೇಲೆಯೇ.

ಇಷ್ಟು ವಿಷ ಇರುವಾಗ ಅದನ್ನು ಸಾರಿ ಹೇಳಬೇಕು. ಅದಕ್ಕೇ ಆ ಬಣ್ಣಗಳು. ಹಳದಿ ಅಂಚು, ಕೆಂಪು ಚುಕ್ಕೆ, ನೀಲಿ ಗೆರೆ. ನೋಡಿದ ಯಾರಿಗೂ ಮರೆಯದ ಬಣ್ಣಗಳು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಬಣ್ಣ ಸ್ಲಗ್‌ಗೇ ಕಾಣುವುದಿಲ್ಲ. ಇವುಗಳ ಕಣ್ಣು ತುಂಬಾ ಸರಳ, ಬೆಳಕು ಇದೆಯೋ ಕತ್ತಲು ಇದೆಯೋ ಎನ್ನುವಷ್ಟು ಮಾತ್ರ ತಿಳಿಯುತ್ತದೆ. ಆಹಾರವನ್ನೂ ಜೋಡಿಯನ್ನೂ ಅವು ಹುಡುಕುವುದು ವಾಸನೆಯಿಂದ, ನೀರಿನಲ್ಲಿ ಕರಗಿದ ರಾಸಾಯನಿಕಗಳಿಂದ. ತಲೆಯ ಮೇಲಿರುವ ಎರಡು ಕೊಂಬುಗಳಿವೆಯಲ್ಲ, ರೈನೋಫೋರ್ ಅನ್ನುತ್ತಾರೆ, ಆ ಕೆಲಸ ಅವುಗಳದ್ದು. ಅಂದರೆ ಒಂದು ಸ್ಲಗ್ ಇನ್ನೊಂದನ್ನು ತನ್ನವಳು, ತನ್ನವನು ಅಂತ ಗುರುತಿಸುವಾಗ ಬಣ್ಣಕ್ಕೆ ಪಾತ್ರವೇ ಇಲ್ಲ. ತನ್ನವಳು, ತನ್ನವನು ಎರಡೂ ಒಂದೇ ಬಿಡಿ, ಪ್ರತಿಯೊಂದರಲ್ಲೂ ಗಂಡು ಹೆಣ್ಣು ಎರಡೂ ಅಂಗಗಳಿರುತ್ತವೆ. ಬಣ್ಣ ಇರುವುದು ಮೀನಿನ ಕಣ್ಣಿಗಾಗಿ. ಹಾಗಾಗಿ ಒಂದೇ ಪ್ರಭೇದದ ಎರಡು ಸ್ಲಗ್‌ಗಳು ಬೇರೆ ಬೇರೆ ಬಣ್ಣದವಾಗಿದ್ದರೂ ಸಂಸಾರಕ್ಕೆ ತೊಂದರೆ ಇಲ್ಲ. ಬಣ್ಣ ಇಷ್ಟೊಂದು ಬದಲಾಗುವುದಕ್ಕೆ ದಾರಿ ಸಲೀಸಾಗಿರುವುದಕ್ಕೆ ಇದೂ ಒಂದು ಕಾರಣ.

ಬಳ್ಳಾರಿಯವರಿಗೆ ಇದನ್ನು ಅರ್ಥ ಮಾಡಿಸುವುದು ನನಗೆ ಸುಲಭ. ಸಂಡೂರಿನ ಬೆಟ್ಟಗಳ ಅದಿರು ನಿಮಗೆ ಗೊತ್ತು. ಹೆಮಟೈಟ್ ಒಂದು ಕಡೆ ಕೆಂಪಗೆ ಮಣ್ಣಿನ ಥರ ಇರುತ್ತದೆ. ಇನ್ನೊಂದು ಕಡೆ ಉಕ್ಕಿನ ಬೂದು ಬಣ್ಣ, ಹೊಳೆಯುತ್ತದೆ. ಮತ್ತೊಂದು ಕಡೆ ಹೆಚ್ಚುಕಮ್ಮಿ ಕಪ್ಪು. ಮ್ಯಾಗ್ನೆಟೈಟ್ ಕೂಡ ಕಪ್ಪೇ. ಬರಿ ಕಣ್ಣಲ್ಲಿ ನೋಡಿ ಹೆಸರು ಹೇಳಿದರೆ ಭೂವಿಜ್ಞಾನದ ಮೇಷ್ಟ್ರು ಒಪ್ಪುವುದಿಲ್ಲ. ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜು ಅನ್ನುತ್ತಾರೆ. ಹೆಮಟೈಟ್ ಹೊರಗೆ ಯಾವ ಬಣ್ಣವಿದ್ದರೂ ಎಳೆದ ಗೆರೆ ಕೆಂಗಂದು. ಮ್ಯಾಗ್ನೆಟೈಟ್‌ದು ಕಪ್ಪು ಗೆರೆ. ಇಲ್ಲಿ ಕೈಬಿಟ್ಟಿದ್ದು ಬಣ್ಣವನ್ನಲ್ಲ. ಬದಲಾಗುವ ಬಣ್ಣವನ್ನು ಬಿಟ್ಟು ಬದಲಾಗದ ಬಣ್ಣವನ್ನು ಹಿಡಿದುಕೊಂಡಿದ್ದೇವೆ. ಸ್ಲಗ್‌ನಲ್ಲೂ ಮಾಡಬೇಕಾದ ಕೆಲಸ ಇದೇ. ಯಾವ ಗುರುತು ನಿಲ್ಲುತ್ತದೆ, ಯಾವುದು ಅಲ್ಲಾಡುತ್ತದೆ ಅಂತ ಒಂದೊಂದನ್ನೇ ಪರೀಕ್ಷಿಸಬೇಕು.

ಬಣ್ಣ ಯಾಕೆ ಅಲ್ಲಾಡುತ್ತದೆ? ಒಂದು ಕಾರಣ ಊಟ. ರೊಸ್ಟಾಂಗಾ ಎಂಬ ಕುಲದ ಸ್ಲಗ್‌ಗಳು ಕೆಂಪು ಸ್ಪಂಜನ್ನು ತಿಂದು ಅದೇ ಕೆಂಪಾಗುತ್ತವೆ. ಅವು ಇಡುವ ಮೊಟ್ಟೆಯ ಪಟ್ಟಿ ಕೂಡ ಕೆಂಪು. ಸ್ಪಂಜಿನ ಮೇಲೆ ಕೂತರೆ ಹುಡುಕುವುದೇ ಕಷ್ಟ. ಬೆನ್ನ ಮೇಲೆ ಬೆರಳುಗಳಿರುವ ಸ್ಲಗ್‌ಗಳಲ್ಲಿ ಜೀರ್ಣಾಂಗದ ಕವಲುಗಳು ಆ ಬೆರಳುಗಳೊಳಗೇ ಹಾದುಹೋಗುತ್ತವೆ. ಚರ್ಮ ತೆಳ್ಳಗೆ. ಹಾಗಾಗಿ ನಿನ್ನೆ ಮೊನ್ನೆ ತಿಂದಿದ್ದು ಇವತ್ತು ಹೊರಗಿನಿಂದ ಕಾಣುತ್ತದೆ! ಎರಡು ಬಂಡೆಗಳ ಮೇಲೆ ಎರಡು ಬಗೆಯ ಆಹಾರ ಇದ್ದರೆ ಒಂದೇ ಪ್ರಭೇದ ಎರಡು ಬಣ್ಣದಲ್ಲಿ ಸಿಗಬಹುದು. ಇನ್ನೊಂದು ಕಾರಣ ವಯಸ್ಸು. ಮರಿಯ ಬಣ್ಣ ದೊಡ್ಡದರ ಬಣ್ಣಕ್ಕೆ ಹೊಂದದೆ ಇರುವುದು ಇವುಗಳಲ್ಲಿ ಸಾಮಾನ್ಯ. ಹುಟ್ಟಿನಿಂದಲೇ ಬರುವ ವ್ಯತ್ಯಾಸಗಳೂ ಇವೆ. ಊರಿಂದ ಊರಿಗೆ ಬದಲಾಗುವವೂ ಇವೆ.

ಆಮೇಲೆ ಫೋಟೋದ ತೊಂದರೆ. ಕಡಲ ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುವುದು ಕೆಂಪು ಬೆಳಕನ್ನು. ಹತ್ತು ಮೀಟರ್ ಆಳದಲ್ಲಿ ಕೆಂಪು ಪ್ರಾಣಿ ಮಂಕಾಗಿ ಕಂದು ಬೂದಾಗಿ ಕಾಣುತ್ತದೆ. ಅಲ್ಲೇ ಟಾರ್ಚ್ ಹಾಕಿದರೆ ಕೆಂಪು ವಾಪಸ್ ಬರುತ್ತದೆ. ಒಂದೇ ಪ್ರಾಣಿ, ಎರಡು ಫೋಟೋ, ಎರಡು ಬಣ್ಣ. ಫೋಟೋ ನೋಡಿ ಹೆಸರು ಹೇಳುವವರು ಮೊದಲು ಕೇಳಬೇಕಾದ ಪ್ರಶ್ನೆ, ಬೆಳಕು ಯಾವುದಿತ್ತು ಅಂತ.

ಹಳೆಯ ಕಾಲದವರ ಕಷ್ಟ ಇದಕ್ಕಿಂತ ದೊಡ್ಡದು. ಸ್ಲಗ್ ಅನ್ನು ಸ್ಪಿರಿಟ್‌ನಲ್ಲಿ ಹಾಕಿಟ್ಟರೆ ಬಣ್ಣ ಬಿಟ್ಟುಹೋಗುತ್ತದೆ, ಮೈ ಮುದುಡುತ್ತದೆ. ಚಿಪ್ಪಿನ ಜೀವಿಗಳಾದರೆ ಚಿಪ್ಪಾದರೂ ಉಳಿಯುತ್ತದೆ, ಇಲ್ಲಿ ಅದೂ ಇಲ್ಲ. ಮ್ಯೂಸಿಯಂ ತಲುಪುವ ಹೊತ್ತಿಗೆ ಬಾಟಲಿಯಲ್ಲಿ ಉಳಿಯುವುದು ಬಿಳುಚಿದ ಒಂದು ಉಂಡೆ. ಇದನ್ನು ಚೆನ್ನಾಗಿ ತಿಳಿದಿದ್ದ ಒಬ್ಬರ ಹೆಸರನ್ನು ನಾನು ಬಳ್ಳಾರಿಯಲ್ಲಿ ಹೇಳಲೇಬೇಕು. ವಾಲ್ಟರ್ ಎಲಿಯಟ್. ಕನ್ನಡ ಶಾಸನಗಳ ಬಗ್ಗೆ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಧಾರವಾಡದ ಕಡೆ ಅಧಿಕಾರಿಯಾಗಿದ್ದಾಗ ನೂರಾರು ಶಾಸನಗಳ ನಕಲು ಮಾಡಿಸಿದವರು ಇವರು. 1824ರಲ್ಲಿ ಕಿತ್ತೂರಿನ ಹೋರಾಟದಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಾಗ, ರಾಣಿ ಚೆನ್ನಮ್ಮನ ಕಡೆಯವರು ಸೆರೆಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬರು ಇದೇ ಎಲಿಯಟ್. ಮುಂದೆ ಅವರು ಮದ್ರಾಸ್ ಪ್ರೆಸಿಡೆನ್ಸಿಯ ಪೂರ್ವ ಕರಾವಳಿಗೆ ಹೋದರು. ಬಳ್ಳಾರಿ ಕೂಡ ಆಗ ಅದೇ ಪ್ರೆಸಿಡೆನ್ಸಿಯಲ್ಲಿತ್ತು. ವಿಶಾಖಪಟ್ಟಣದ ಹತ್ತಿರದ ವಾಲ್ಟೇರ್‌ನಲ್ಲಿ ಇದ್ದಾಗ ಎಲಿಯಟ್ ಕಡಲ ಸ್ಲಗ್‌ಗಳನ್ನು ಹಿಡಿಸಿ, ಬಣ್ಣದ ಚಿತ್ರಗಳನ್ನು ಬರೆಸಿದರು. ಆ ಚಿತ್ರಗಳನ್ನೂ ಮಾದರಿಗಳನ್ನೂ ಇಟ್ಟುಕೊಂಡು ಇಂಗ್ಲೆಂಡಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾನ್‌ಕಾಕ್ 1864ರಲ್ಲಿ ಒಂದು ಲೇಖನ ಪ್ರಕಟಿಸಿದರು. ಭಾರತದ ಕಡಲ ಸ್ಲಗ್‌ಗಳ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಅದನ್ನು ತೆಗೆದು ನೋಡುತ್ತಾರೆ. ಅದರಲ್ಲಿ ಹೊಸದಾಗಿ ಹೆಸರಿಸಿದ ಒಂದು ಕುಲಕ್ಕೆ ಆ ಕರಾವಳಿಯ ಹಳೆಯ ಹೆಸರನ್ನೇ ಇಟ್ಟರು, ಕಳಿಂಗ ಅಂತ. ಶಾಸನದ ಒಂದೊಂದು ಅಕ್ಷರವನ್ನೂ ಇದ್ದ ಹಾಗೇ ನಕಲು ಮಾಡಿಸಬೇಕು ಅಂತ ಗೊತ್ತಿದ್ದ ಮನುಷ್ಯನಿಗೆ ಸ್ಲಗ್‌ನ ಬಣ್ಣವನ್ನೂ ಇದ್ದ ಹಾಗೇ ಉಳಿಸಬೇಕು ಅಂತ ಅನಿಸಿದ್ದು ನನಗೆ ತುಂಬಾ ಸಹಜವಾಗಿ ಕಾಣುತ್ತದೆ.

ಈಗ ಬಣ್ಣದ ಪರವಾಗಿ ಮಾತಾಡುತ್ತೇನೆ. ಬಣ್ಣವನ್ನು ನಂಬಲೇಬೇಡಿ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಗೋನಿಯೊಬ್ರಾಂಕಸ್ ಸ್ಪ್ಲೆಂಡಿಡಸ್ ಎಂಬ ಸ್ಲಗ್ ಇದೆ. ಬಿಳಿ ಮೈ, ಮೇಲೆ ಕೆಂಪು ಚುಕ್ಕೆಗಳು, ಸುತ್ತಲೂ ಹಳದಿ ಅಂಚು. ಕೆಂಪು ಚುಕ್ಕೆಗಳು ಊರಿಂದ ಊರಿಗೆ ಬದಲಾಗುತ್ತವೆ. ಕೆಲವು ಕಡೆ ಚಿಕ್ಕ ಚುಕ್ಕೆ, ಕೆಲವು ಕಡೆ ಚುಕ್ಕೆ ಕೂಡಿಕೊಂಡು ದೊಡ್ಡ ಮಚ್ಚೆ. ಹಳದಿ ಅಂಚು ಮಾತ್ರ ಅಷ್ಟು ಬದಲಾಗುವುದಿಲ್ಲ. ಯಾಕೆ? 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಟ್ರಿಗರ್ ಮೀನುಗಳಿಗೆ ಇಂಥ ಮಾದರಿಗಳನ್ನು ತೋರಿಸಿ ಕಲಿಸಿದರು. ಮೀನುಗಳು ಕಲಿತದ್ದು ಹಳದಿ ಅಂಚನ್ನು. ಕೆಂಪು ಚುಕ್ಕೆಯನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂದರೆ ಮೀನು ಯಾವುದನ್ನು ನೋಡಿ ದೂರ ಹೋಗುತ್ತದೋ ಆ ಗುರುತು ಪೀಳಿಗೆಯಿಂದ ಪೀಳಿಗೆಗೆ ಗಟ್ಟಿಯಾಗಿ ಉಳಿಯುತ್ತದೆ. ಅಂಚು ಸರಿಯಿಲ್ಲದ ಸ್ಲಗ್‌ಗೆ ಪೆಟ್ಟು ಬೀಳುತ್ತದೆ. ಮೀನು ಗಮನಿಸದ ಗುರುತಿಗೆ ಅಂಥ ಕಾವಲು ಇಲ್ಲ, ಅದು ಹೇಗೆ ಬೇಕಾದರೂ ಬದಲಾಗಬಹುದು. ಈ ಅಧ್ಯಯನ ನನಗೆ ತುಂಬಾ ಇಷ್ಟ. ಒಂದೇ ಮೈಮೇಲಿನ ಎರಡು ಬಣ್ಣಗಳಿಗೆ ಎರಡು ಬೇರೆ ಕಥೆ ಇರುತ್ತದೆ ಅಂತ ಇದು ತೋರಿಸಿಕೊಟ್ಟಿತು. ಹಾಗಾಗಿ ಟಿಪ್ಪಣಿ ಬರೆಯುವಾಗ "ಬಿಳಿ, ಕೆಂಪು, ಹಳದಿ" ಅಂತ ಬರೆದು ಮುಗಿಸಬೇಡಿ. ಮೈಯ ತಳದ ಬಣ್ಣ ಯಾವುದು, ಅಂಚು ಯಾವುದು, ಅಂಚಿನಲ್ಲಿ ಎಷ್ಟು ಪಟ್ಟಿ, ಕೊಂಬಿನ ತುದಿ ಯಾವ ಬಣ್ಣ, ಕಿವಿರಿನ ಬಣ್ಣ ಯಾವುದು ಅಂತ ಬೇರೆ ಬೇರೆ ಬರೆಯಿರಿ.

ಬಣ್ಣದ ವ್ಯತ್ಯಾಸವನ್ನು ಸುಮ್ನೆ ತಳ್ಳಿಹಾಕಿದರೂ ತಪ್ಪಾಗುತ್ತದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಡಯಾಲುಲಾ ಸ್ಯಾಂಡಿಯಾಗೆನ್ಸಿಸ್ ಎಂಬ ಸ್ಲಗ್ ಇದೆ. ಕೆಲವಕ್ಕೆ ಬೆನ್ನ ಮೇಲೆ ಕಂದು ಬಳೆಗಳು. ಕೆಲವಕ್ಕೆ ತುಂಬಿದ ಚುಕ್ಕೆಗಳು. ಬಹಳ ಕಾಲ ಎಲ್ಲರೂ ಇದು ಒಂದೇ ಪ್ರಭೇದದ ಬಣ್ಣದ ಆಟ ಎಂದುಕೊಂಡಿದ್ದರು. 2016ರಲ್ಲಿ ಡಿಎನ್ಎ ನೋಡಿದಾಗ ಅವು ಎರಡು ಪ್ರಭೇದ ಎಂದು ಗೊತ್ತಾಯಿತು. ಚುಕ್ಕೆಯದಕ್ಕೆ 1963ರಲ್ಲೇ ಕೊಟ್ಟಿದ್ದ ಒಂದು ಹೆಸರು ಮೂಲೆಯಲ್ಲಿ ಬಿದ್ದಿತ್ತು, ಡಯಾಲುಲಾ ಒಡೊನೊಘುಯಿ. ಅದನ್ನೇ ಎತ್ತಿ ವಾಪಸ್ ಬಳಕೆಗೆ ತಂದರು. ಆಮೇಲೆ ಸರಿಯಾಗಿ ನೋಡಿದರೆ ಗುರುತು ಕಣ್ಣೆದುರಿಗೇ ಇತ್ತು. ಒಡೊನೊಘುಯಿಯಲ್ಲಿ ಚುಕ್ಕೆಗಳು ಜಾಸ್ತಿ, ಮೈಯ ಅಂಚಿನವರೆಗೂ ಹರಡಿರುತ್ತವೆ. ಸ್ಯಾಂಡಿಯಾಗೆನ್ಸಿಸ್‌ನಲ್ಲಿ ಬಳೆಗಳು ಕಡಿಮೆ, ಅಂಚಿಗೆ ಹೋಗುವುದಿಲ್ಲ. ಅದೇ ವರ್ಷ ಹರ್ಮಿಸೆಂಡಾ ಎಂಬ ಇನ್ನೊಂದು ಸ್ಲಗ್ ಕೂಡ ಒಂದಲ್ಲ, ಮೂರು ಪ್ರಭೇದ ಎಂದು ತಿಳಿಯಿತು. ನೆನಪಿನ ಶಕ್ತಿಯ ಅಧ್ಯಯನಕ್ಕೆ ಪ್ರಯೋಗಾಲಯಗಳು ವರ್ಷಗಟ್ಟಲೆ ಬಳಸಿದ ಪ್ರಾಣಿ ಅದು. ಹೆಸರು ಸರಿಯಿರುವುದು ಎಷ್ಟು ಮುಖ್ಯ ನೋಡಿ. ಪ್ರಯೋಗ ಮಾಡಿದ್ದು ಯಾವುದರ ಮೇಲೆ ಅನ್ನುವುದೇ ಪ್ರಶ್ನೆಯಾಗಬಾರದಲ್ವಾ?

ಮೂರನೆಯ ಬಗೆಯ ಗೊಂದಲ ಎಲ್ಲಕ್ಕಿಂತ ಕಷ್ಟದ್ದು. ಕ್ರೊಮೊಡೋರಿಸ್ ಕುಲದ ಬಗ್ಗೆ 2018ರಲ್ಲಿ ಬಂದ ಕೆಲಸದಲ್ಲಿ, ಒಂದೇ ಪ್ರಭೇದ ಬೇರೆ ಬೇರೆ ಜಾಗಗಳಲ್ಲಿ ಬೇರೆ ಬೇರೆ ವೇಷದಲ್ಲಿ ಸಿಕ್ಕಿತು. ಒಂದೇ ಜಾಗದ ಬೇರೆ ಬೇರೆ ಪ್ರಭೇದಗಳು ಒಂದೇ ವೇಷದಲ್ಲಿ ಸಿಕ್ಕವು. ವಿಷ ಇರುವವರೆಲ್ಲ ಒಂದೇ ಊರಿನಲ್ಲಿ ಒಂದೇ ಸಮವಸ್ತ್ರ ತೊಟ್ಟರೆ ಮೀನಿಗೆ ಕಲಿಯುವುದು ಸುಲಭ, ಎಲ್ಲರಿಗೂ ಲಾಭ. ಗುರುತಿಸಲು ಹೊರಟವರಿಗೆ ಮಾತ್ರ ಕಷ್ಟ. ಇಂಥ ಕಡೆ ಡಿಎನ್ಎ ಇಲ್ಲದೆ ತೀರ್ಮಾನ ಆಗುವುದಿಲ್ಲ. ಪಾದದ ತುದಿಯ ಒಂದು ಚೂರು ಸಾಕು. ಆದರೆ ಡಿಎನ್ಎ ತಾನಾಗಿ ಹೆಸರು ಹೇಳುವುದಿಲ್ಲ. ಹೋಲಿಸಿ ನೋಡಲು, ಯಾರೋ ಮೈಯ ರಚನೆ ನೋಡಿ ಸರಿಯಾಗಿ ಹೆಸರಿಸಿಟ್ಟ ಮಾದರಿ ಇರಬೇಕು.

ಈಗ ನಮ್ಮ ಡೆಂಡ್ರೊಡೋರಿಸ್‌ಗೆ ವಾಪಸ್ ಬರೋಣ. ಎರಡೂ ಪ್ರಭೇದಗಳು ಭಾರತದ ಕರಾವಳಿಯಲ್ಲಿ ಇವೆ. ನೈಗ್ರಾ ಕೆಲವೊಮ್ಮೆ ಪೂರಾ ಕಪ್ಪು. ಕೆಲವೊಮ್ಮೆ ಕಪ್ಪಿನ ಮೇಲೆ ಬಿಳಿ ಚುಕ್ಕೆ. ಕೆಲವೊಮ್ಮೆ ಅಂಚಿನ ಒಳಗೆ ಕೆಂಪು ಪಟ್ಟಿ. ಫ್ಯುಮಾಟಾ ಕಿತ್ತಳೆಯಿಂದ ಬೂದು, ಕಂದು, ಕಪ್ಪಿನವರೆಗೆ ಎಲ್ಲಾ ಆಗುತ್ತದೆ. ಸಾಮಾನ್ಯವಾಗಿ ಸ್ಲಗ್‌ಗಳ ವಿಷಯದಲ್ಲಿ ತಜ್ಞರು ಮೊರೆ ಹೋಗುವುದು ರಾಡುಲಾಕ್ಕೆ, ಅಂದರೆ ನಾಲಗೆಯ ಮೇಲಿನ ಹಲ್ಲಿನ ಸಾಲುಗಳಿಗೆ. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಹಲ್ಲಿನ ಆಕಾರ ನೋಡಿ ಹೆಸರು ಹೇಳುತ್ತಾರೆ. ಡೆಂಡ್ರೊಡೋರಿಸ್‌ನಲ್ಲಿ ಆ ಬಾಗಿಲೂ ಮುಚ್ಚಿದೆ. ಇವಕ್ಕೆ ರಾಡುಲಾನೇ ಇಲ್ಲ. ಸ್ಪಂಜಿನ ಮೇಲೆ ಬಾಯಿ ಇಟ್ಟು ಮೆತ್ತಗಾಗಿಸಿ ಹೀರುತ್ತವೆ. ಹಾಗಾದರೆ ಉಳಿದದ್ದೇನು?

ಕಿವಿರು. ಬೆನ್ನಿನ ಹಿಂಭಾಗದಲ್ಲಿ ಹೂವಿನ ಹಾಗೆ ಅರಳಿರುತ್ತದೆ. ನೈಗ್ರಾದಲ್ಲಿ ಕವಲುಗಳು ಚಿಕ್ಕವು, ಆರಕ್ಕಿಂತ ಜಾಸ್ತಿ, ನೆಟ್ಟಗೆ ನಿಂತು ಒಂದು ಬಟ್ಟಲಿನಂತೆ ಕೂಡಿರುತ್ತವೆ. ಫ್ಯುಮಾಟಾದಲ್ಲಿ ಐದರಷ್ಟೇ ಕವಲು, ಆದರೆ ದೊಡ್ಡವು, ಅಗಲವಾಗಿ ಹರಡಿ ಮೈಯ ಅಂಚಿನ ಹತ್ತಿರದವರೆಗೆ ಬರುತ್ತವೆ. ಬಣ್ಣ ಕಪ್ಪಿರಲಿ ಕೆಂಪಿರಲಿ, ಇದು ನಿಲ್ಲುತ್ತದೆ. ಮೊದಲು ತೋರಿಸಿದ ಮೂರು ಫೋಟೋಗಳನ್ನು ಈಗ ಮತ್ತೆ ನೋಡಿ. ಬಣ್ಣ ಬಿಟ್ಟು ಹಿಂಭಾಗ ನೋಡಿ. ಸಭೆಯಲ್ಲಿ ಈಗ ಎಲ್ಲರೂ ಸರಿಯಾಗಿ ಹೇಳಿದಿರಿ.

ಕಿವಿರು ನೋಡಬೇಕು ಅಂದರೆ ಅದು ಅರಳಿರಬೇಕು. ಪ್ರಾಣಿಯನ್ನು ನೀರಿನಿಂದ ಹೊರಗೆ ತೆಗೆದರೆ ಕವಲುಗಳು ಅಂಟಿಕೊಂಡು ಬಿದ್ದುಬಿಡುತ್ತವೆ. ಮುಟ್ಟಿದರೆ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ನೀರಿನ ಗುಂಡಿಯಲ್ಲಿ ಸಿಕ್ಕರೆ ಅಲ್ಲೇ, ನೀರಿನೊಳಗೇ ಫೋಟೋ ತೆಗೆಯಿರಿ. ಸ್ವಲ್ಪ ಹೊತ್ತು ಸುಮ್ಮನೆ ಕಾಯಿರಿ. ಅದು ನಡೆಯಲು ಶುರು ಮಾಡಿದರೆ ಕಿವಿರು ತಾನಾಗಿ ಬಿಚ್ಚುತ್ತದೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೊಂಬುಗಳಿಗೆ ಹತ್ತಿರದಿಂದ ಒಂದು, ಕಿವಿರಿಗೆ ಒಂದು. ಉದ್ದ ಗೊತ್ತಾಗಲು ಪಕ್ಕದಲ್ಲಿ ಸ್ಕೇಲ್ ಇಡಿ. ಯಾವುದರ ಮೇಲೆ ಕೂತಿತ್ತು ಅನ್ನುವುದನ್ನು ಬರೆಯುವುದು ಮರೆಯಬೇಡಿ, ಬಹಳ ಸಲ ಅದೇ ಅದರ ಊಟ. ಹತ್ತಿರ ಮೊಟ್ಟೆಯ ಪಟ್ಟಿ ಇದ್ದರೆ ಅದನ್ನೂ ತೆಗೆಯಿರಿ. ಕಲ್ಲು ತಿರುಗಿಸಿದ್ದರೆ ಇದ್ದ ಹಾಗೇ ವಾಪಸ್ ಇಡಿ. ಅಡಿಯಲ್ಲಿ ಬದುಕುವ ಸ್ಪಂಜಿಗೆ ಬಿಸಿಲು ಬಿದ್ದರೆ ಸಾಯುತ್ತದೆ, ಸ್ಪಂಜು ಸತ್ತರೆ ಸ್ಲಗ್‌ಗೂ ಜಾಗವಿಲ್ಲ. ದಯವಿಟ್ಟು ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ.

ಕೊನೆಗೆ ಪ್ರಶ್ನೆಗಳು ಬಂದವು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಸಮುದ್ರ ನಮ್ಮಿಂದ ಮುನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಬಳ್ಳಾರಿಯಲ್ಲಿ ಕೂತು ನಾವು ಇದರಲ್ಲಿ ಏನು ಮಾಡಬಹುದು?" ಗಟ್ಟಿ ಪ್ರಶ್ನೆ. ಗುರುತಿಸುವ ಕೆಲಸದ ದೊಡ್ಡ ಪಾಲು ಮೇಜಿನ ಮುಂದೆ ನಡೆಯುತ್ತದೆ ಅಂತ ಹೇಳಿದೆ. ಜನ ತೆಗೆದು ಹಾಕಿದ ಫೋಟೋಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಿವಿರು ಕಾಣುವ ಡೆಂಡ್ರೊಡೋರಿಸ್ ಫೋಟೋಗಳನ್ನು ಮಾತ್ರ ಆರಿಸಿ, ಕವಲು ಎಣಿಸಿ, ಬಣ್ಣವನ್ನು ಭಾಗ ಭಾಗವಾಗಿ ಬರೆದು, ಜಾಗ ಮತ್ತು ತಿಂಗಳಿನ ಜೊತೆ ಪಟ್ಟಿ ಮಾಡಿದರೆ ಅದೊಂದು ನಿಜವಾದ ಅಧ್ಯಯನ. ಎಂಎಸ್ಸಿ ಯೋಜನೆಗೆ ಧಾರಾಳ ಸಾಕು. ಜೊತೆಗೆ ಹಿತ್ತಲಿನ ನೆಲದ ಸ್ಲಗ್ ಮೇಲೆ ಕೈ ಪಳಗಿಸಿಕೊಳ್ಳಬಹುದು. ಮಳೆಗಾಲ ಪೂರ್ತಿ ಒಂದೇ ಜಾಗದಲ್ಲಿ ಮರಿಯಿಂದ ದೊಡ್ಡದಾಗುವವರೆಗೆ ಬಣ್ಣ ಹೇಗೆ ಬದಲಾಗುತ್ತದೆ ಅಂತ ದಿನಾಂಕ ಹಾಕಿ ಬರೆಯಿರಿ.

ಆಮೇಲೆ ಶಿಕ್ಷಕಿಯೊಬ್ಬರು ವೇದಿಕೆ ಹತ್ತಿರ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಮನೆಯವರ ಜೊತೆ ಕಾರವಾರದ ಕಡೆ ಹೋದಾಗ ಬಂಡೆಯ ಮೇಲೆ ತೆಗೆದದ್ದು. ಕಪ್ಪು ಪ್ರಾಣಿ, ಅಂಚು ಅಲೆಅಲೆಯಾಗಿದೆ. "ಇದು ನೀವು ಹೇಳಿದ ನೈಗ್ರಾನೇ ಅಲ್ವಾ ಸರ್?" ಅಂದರು. ಫೋಟೋವನ್ನು ದೊಡ್ಡದು ಮಾಡಿ ಎಲ್ಲರಿಗೂ ತೋರಿಸಿದೆ. ಮೊದಲು ಇದು ಸ್ಲಗ್ ಹೌದೋ ಅಲ್ಲವೋ ನೋಡಬೇಕು. ಕಡಲಲ್ಲಿ ಚಪ್ಪಟೆ ಹುಳುಗಳಿವೆ, ನೋಡಲು ಸ್ಲಗ್ ಥರವೇ ಇರುತ್ತವೆ. ಆದರೆ ಅವು ಕಾಗದದಷ್ಟು ತೆಳ್ಳಗೆ, ಅವಕ್ಕೆ ಕಿವಿರೇ ಇಲ್ಲ, ಮುಂದಿನ ಕೊಂಬು ಅಂತ ಕಾಣುವುದು ಅಂಚಿನ ಮಡಿಕೆ ಅಷ್ಟೇ. ಈ ಫೋಟೋದಲ್ಲಿ ಮೈ ದಪ್ಪ ಇದೆ, ಬೆನ್ನಿನಿಂದ ಎದ್ದ ಎರಡು ನಿಜವಾದ ಕೊಂಬುಗಳಿವೆ. ಹಾಗಾಗಿ ಸ್ಲಗ್. ನುಣುಪು ಮೈ, ಮೆತ್ತಗಿನ ಅಲೆ ಅಂಚು ನೋಡಿದರೆ ಡೆಂಡ್ರೊಡೋರಿಸ್ ಅನ್ನಬಹುದು. ಮುಂದೆ? ಪ್ರಾಣಿ ನೀರಿನಿಂದ ಹೊರಗಿದೆ, ಕಿವಿರು ಒಳಗೆ ಹೋಗಿದೆ. ಎಣಿಸಲು ಏನೂ ಇಲ್ಲ. ನೈಗ್ರಾನೂ ಇರಬಹುದು, ಫ್ಯುಮಾಟಾನೂ ಇರಬಹುದು.

ಮೇಡಂ ಅವರಿಗೆ ಹೇಳಿದೆ: ಜಾಗ, ದಿನಾಂಕದ ಜೊತೆ ಬರಿ "ಡೆಂಡ್ರೊಡೋರಿಸ್" ಅಂತ ಬರೆದು ಅಲ್ಲಿಗೇ ನಿಲ್ಲಿಸಿ. ಕುಲದವರೆಗೆ ಬರೆದು ನಿಲ್ಲಿಸಿದ ದಾಖಲೆ ಅರ್ಧ ದಾಖಲೆ ಅಲ್ಲ. ನಾಳೆ ಅದೇ ಬಂಡೆಯಲ್ಲಿ ಕಿವಿರು ಅರಳಿದ ಒಂದು ಸಿಕ್ಕಿದರೆ ನಿಮ್ಮ ಫೋಟೋವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಅಂದಾಜಿನಲ್ಲಿ ನೈಗ್ರಾ ಅಂತ ಬರೆದುಬಿಟ್ಟರೆ ಮುಂದೆ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಮಕ್ಕಳ ರಜೆಯಲ್ಲಿ ಮತ್ತೆ ಅದೇ ಕಡೆ ಹೋಗುವುದಿದೆ ಅಂದರು. ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯ ಆಸುಪಾಸು ಹೋಗಿ, ಆಗ ನೀರು ಹೆಚ್ಚು ದೂರ ಇಳಿಯುತ್ತದೆ, ಇಳಿತದ ಸಮಯ ಮೊದಲೇ ನೋಡಿಕೊಂಡು ಹೊರಡಿ, ನೀರು ಏರುವ ಮುಂಚೆ ಬಂಡೆಯಿಂದ ಈಚೆ ಬನ್ನಿ ಅಂತ ಹೇಳಿ, ಕಿವಿರಿನ ಚಿತ್ರವನ್ನು ಅವರ ಪುಸ್ತಕದಲ್ಲಿ ಬರೆದುಕೊಟ್ಟೆ. ಎಡಕ್ಕೆ ನೈಗ್ರಾದ ಬಟ್ಟಲು, ಬಲಕ್ಕೆ ಫ್ಯುಮಾಟಾದ ಐದು ಹರಡಿದ ಕವಲು.